ವಿಳಾಸ ನೋಡ್ಬೇಕಾ, ಹೆಸರು ಓದ್ಬೇಕಾ? ಸಿ++ನ ಒಂದು ಹಳೇ ತಗಾದೆ

ಓಡ್ತಾ ಇರೋ ಪ್ರೋಗ್ರಾಮು ತನ್ನ ಕೈಲಿರೋ ಎರಡು ವಸ್ತುಗಳು ಒಂದೇ ಟೈಪಿನವು ಅಂತ ಹೇಗೆ ಗುರುತು ಹಿಡಿಯುತ್ತೆ? ಇವತ್ತಿನ ಸಂಚಿಕೆ ಈ ಪ್ರಶ್ನೆಯ ಇತಿಹಾಸ.

1979ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಬ್ಯಾರ್ನ್ ಸ್ಟ್ರೌಸ್ಟ್ರಪ್ ಸಿ++ನ ಕೆಲಸ ಶುರು ಮಾಡಿದಾಗ ಈ ಸೌಲಭ್ಯವನ್ನು ಬೇಕಂತಲೇ ಬಿಟ್ಟರು. ಸಿಮುಲಾ ಭಾಷೆಯಲ್ಲಿ ಅದರ ದುರ್ಬಳಕೆಯನ್ನು ಅವರು ನೋಡಿದ್ದರು. ಆದ್ರೆ ದೊಡ್ಡ ಲೈಬ್ರರಿ ಬರೆಯೋರು ಸುಮ್ಮನಿರಲಿಲ್ಲ. ತಮ್ಮ ತಮ್ಮದೇ ಗುರುತಿನ ವ್ಯವಸ್ಥೆ ಕಟ್ಟಿಕೊಂಡರು, ಒಂದಕ್ಕೊಂದು ಹೊಂದಲಿಲ್ಲ. ಕೊನೆಗೆ 1993ರಲ್ಲಿ ಮಾನಕ ಸಮಿತಿ ಒಪ್ಪಿತು, 1998ರ ಮಾನಕದಲ್ಲಿ ಅದು ಅಚ್ಚಾಯಿತು. ಹೋಲಿಕೆಯ ಫಲ ಏನಿರಬೇಕು ಅಂತ ಮಾನಕ ಹೇಳಿತು. ಒಳಗೆ ಹೇಗೆ ಹೋಲಿಸಬೇಕು ಅನ್ನೋದು ಕಂಪೈಲರ್ ಮಾಡುವವರ ಪಾಲಿಗೆ ಬಂತು.

2001ರ ಜಿಸಿಸಿ 3.0 ವೇಗದ ದಾರಿ ಹಿಡಿಯಿತು: ಗುರುತಿನ ಮಾಹಿತಿ ಮೆಮೊರಿಯಲ್ಲಿರುವ ವಿಳಾಸ ಒಂದೇ ಆದ್ರೆ ಟೈಪೂ ಒಂದೇ.

ಇದರ ತೊಡಕು ತಿಳೀಬೇಕಂದ್ರೆ ಹುಮನಾಬಾದ್ ಕಡೆಯ ಕೊಡಂಬಲಕ್ಕೆ ಬನ್ನಿ. ಅಲ್ಲಿನ ಹಿರಿಯರೊಬ್ಬರು 1955ರಲ್ಲಿ ಹೈದರಾಬಾದ್ ರಾಜ್ಯದವರು, 1956ರ ನವೆಂಬರ್ 1ರಿಂದ ಮೈಸೂರು ರಾಜ್ಯದವರು. ಊರು ಬಿಟ್ಟು ಒಂದು ಹೆಜ್ಜೆ ಕದಲಿಲ್ಲ. ಅವರ ಹೆಸರಲ್ಲಿ ಎರಡೂ ಕಡೆ ಒಂದೊಂದು ಕಡತ ಇದೆ ಅಂದುಕೊಳ್ಳಿ. ಕಪಾಟಿನ ಜಾಗ ನೋಡಿದ್ರೆ ಇಬ್ಬರು. ಕಡತ ತೆರೆದು ಓದಿದ್ರೆ ಒಬ್ಬರೇ.

ಪ್ರೋಗ್ರಾಮಿಗೂ ಹಂಗೇ ಆಯ್ತು. ಬೇರೆ ಬೇರೆಯಾಗಿ ಲೋಡ್ ಆದ ಎರಡು ಲೈಬ್ರರಿಗಳಲ್ಲಿ ಒಂದೇ ಟೈಪಿನ ಗುರುತು ಎರಡು ಪ್ರತಿಯಾಗಿ ಉಳೀತಿತ್ತು. ಒಂದು ಲೈಬ್ರರಿ ಎಸೆದ ದೋಷವನ್ನು ಇನ್ನೊಂದು ಹಿಡಿಯೋಕೆ ಆಗದೆ, ಚೆನ್ನಾಗಿದ್ದ ಪ್ರೋಗ್ರಾಮು ನಡುವೆಯೇ ನಿಂತುಹೋಗ್ತಿತ್ತು.

2010ರ ಜಿಸಿಸಿ 4.5 ನಿಯಮ ಬದಲಿಸಿತು: ವಿಳಾಸ ಬೇರೆಯಿದ್ರೆ ಹೆಸರಿನ ಅಕ್ಷರಗಳನ್ನೂ ಹೋಲಿಸು. ಸ್ವಲ್ಪ ನಿಧಾನ, ಆದ್ರೆ ಭರವಸೆ ಜಾಸ್ತಿ.

ಹಾಗಂತ ಹೆಸರನ್ನೂ ಕಣ್ಣುಮುಚ್ಚಿ ನಂಬೋ ಹಾಗಿಲ್ಲ. ಚಾಲುಕ್ಯರ ಕಲ್ಯಾಣ ನಮ್ಮ ಬಸವಕಲ್ಯಾಣ. ಮುಂಬೈ ಹತ್ತಿರದ ಕಲ್ಯಾಣ ಬೇರೆಯೇ ಊರು. ಕೋಡಿನಲ್ಲೂ ಒಂದೊಂದು ಫೈಲಿಗೆ ಮಾತ್ರ ಸೀಮಿತವಾದ ಟೈಪುಗಳಿಗೆ ಒಂದೇ ಹೆಸರು ಬೀಳಬಹುದು. ಅಂಥ ಹೆಸರಿನ ಮುಂದೆ ಜಿಸಿಸಿ ಒಂದು ನಕ್ಷತ್ರ ಚಿಹ್ನೆ ಇಡುತ್ತೆ. ಚಿಹ್ನೆ ಕಂಡ್ರೆ ಹೆಸರು ಓದಬೇಡ, ವಿಳಾಸವನ್ನೇ ನೋಡು ಅಂತ ಅರ್ಥ.

ಗುರುತು ಅನ್ನೋದು ವಸ್ತುವಿನೊಳಗೆ ಮಾತ್ರ ಇರಲ್ಲ, ಹೋಲಿಸುವವರ ನಿಯಮದಲ್ಲೂ ಇರುತ್ತೆ. ವೇಗಕ್ಕಾಗಿ ವಿಳಾಸ ನಂಬೋದಾದ್ರೆ, ಆ ವಿಳಾಸ ಒಂದೇ ಇದೆ ಅಂತ ಯಾರಾದ್ರೂ ಖಾತರಿ ಕೊಡಲೇಬೇಕು.