ಸೀಮೆಬದನೆ ಮತ್ತು ಒಂದು ಬಕೆಟ್ ನೀರು

2024ರ ಮಾರ್ಚಿನಲ್ಲಿ ಬೆಂಗಳೂರಿನ ಜಲಮಂಡಳಿ, ಕುಡಿಯೋ ನೀರನ್ನ ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡ ಅಂದಿತು. ನನ್ನ ಬಾಲ್ಕನಿಯ ಸೀಮೆಬದನೆ ಬಳ್ಳಿ ಅಷ್ಟರಲ್ಲಾಗಲೇ ಬಾಡತೊಡಗಿತ್ತು.

ಮೆಕ್ಸಿಕೋ ಕಡೆಯ ಈ ಬಳ್ಳಿಯನ್ನು ನಮ್ಮೂರಿಗೆ ತಂದವರು ಜಾನ್ ಕ್ಯಾಮರಾನ್, 1874ರಿಂದ 1908ರವರೆಗೆ ಲಾಲ್‌ಬಾಗಿನ ಸೂಪರಿಂಟೆಂಡೆಂಟ್ ಆಗಿದ್ದವರು. ನಮಗಿದು ‘ಸೀಮೆ’ಯದು, ಅಂದರೆ ಹೊರಗಿನದು. ತಮಿಳರಿಗೋ ‘ಬೆಂಗಳೂರು ಕತ್ತರಿಕ್ಕಾಯ್’! ಒಟ್ಟಿನಲ್ಲಿ ತಮ್ಮದು ಅಂತ ಯಾರೂ ಒಪ್ಪಲ್ಲ, ಆದ್ರೆ ಎಲ್ಲರ ಸಾಂಬಾರಿನಲ್ಲೂ ಇರುತ್ತೆ.

ಕ್ಯಾಮರಾನ್ ಕಾಲದ ತಂಪು ನನ್ನ ನಾಲ್ಕನೇ ಮಹಡಿಯಲ್ಲಿ ಎಲ್ಲಿಂದ ಬರಬೇಕು? ಅಕ್ಕಿ, ತರಕಾರಿ ತೊಳೆದ ನೀರನ್ನು ಬಕೆಟ್‌ನಲ್ಲಿ ಕೂಡಿಟ್ಟು, ಸಂಜೆ ಬಿಸಿಲಿಳಿದ ಮೇಲೆ ಬುಡಕ್ಕೆ ಹಾಕಿದೆ. ಮೇಲೆ ಒಣಗಿದೆಲೆ ಹೊದಿಸಿದೆ. ಹಳೇ ಸೀರೆ ಕಟ್ಟಿ ನೆರಳು ಮಾಡಿದೆ. ಆ ಏಪ್ರಿಲ್‌ನಲ್ಲಿ ಮಳೆ ಬರಲೇ ಇಲ್ಲ. ಬಳ್ಳಿ ಹೋಯ್ತು.

ಆದರೆ ತರಕಾರಿ ಬುಟ್ಟಿಯಲ್ಲಿ ಮರೆತಿದ್ದ ಒಂದು ಕಾಯಿ ಮೊಳಕೆ ಬಿಟ್ಟಿತ್ತು. ಅಮ್ಮನಿಗೆ ಫೋನ್ ಮಾಡಿದೆ. “ಬೀಜ ಹುಡುಕ್ಬೇಡ ಕಣೋ, ಇಡೀ ಕಾಯಿನೇ ನೆಡು” ಅಂದ್ರು. ಓರೆಯಾಗಿಟ್ಟು ಅರ್ಧ ಹೂತೆ. ಮೇ ಮೊದಲ ವಾರದಲ್ಲಿ ಮಳೆ ಬಿತ್ತು. ಬಳ್ಳಿ ಈಗ ಪಕ್ಕದ ಮನೆ ಗ್ರಿಲ್ ಹತ್ತಿದೆ.