ನಾಡಗೀತೆ: ಲಯ, ಶ್ರುತಿ, ಭಾವ

ಪೀಣ್ಯದ ಕಾರ್ಖಾನೆಗಳ ಮಗ್ಗುಲಲ್ಲಿರುವ ಹೆಗ್ಗನಹಳ್ಳಿಯಂಥ ಬಡಾವಣೆಯಲ್ಲಿ ಶಾಲೆಯ ಬೆಳಗು ಸಮೂಹಗಾನದಿಂದ ಶುರುವಾಗುತ್ತದೆ. ದುಡಿಮೆಗಾಗಿ ನಾಡಿನ ನಾನಾ ಕಡೆಗಳಿಂದ ಬಂದು ನೆಲೆಸಿದವರ ಮಕ್ಕಳು ಒಂದೇ ಅಂಗಳದಲ್ಲಿ ನಿಂತು ‘ಜಯ ಭಾರತ ಜನನಿಯ ತನುಜಾತೆ’ ಹಾಡುತ್ತಾರೆ. ಅವರಲ್ಲಿ ಸಂಗೀತ ಕಲಿತವರು ಕೆಲವರಾದರೂ ಹಾಡಬೇಕಾದವರು ಎಲ್ಲರೂ. ಸಮೂಹಗಾನದ ವೇಗವನ್ನೂ ಶ್ರುತಿಯನ್ನೂ ಗೊತ್ತುಮಾಡುವಾಗ ಮೊದಲು ಇವರ ದನಿ, ಇವರ ಉಸಿರು ಕಣ್ಣ ಮುಂದಿರಬೇಕು.

ಎರಡೂವರೆ ನಿಮಿಷದ ಆದೇಶ

ಕುವೆಂಪು ಅವರ ಈ ಕವಿತೆ 2004ರ ಜನವರಿ 6ರಂದು ಅಧಿಕೃತ ನಾಡಗೀತೆಯಾಯಿತು. ಆದರೆ ಯಾವ ಧಾಟಿ, ಎಷ್ಟು ಹೊತ್ತು ಎಂಬುದು ಇತ್ಯರ್ಥವಾಗಲು ಮತ್ತೆ ಹದಿನೆಂಟು ವರ್ಷ ಬೇಕಾಯಿತು. ಒಂದೆಡೆ ಮೈಸೂರು ಅನಂತಸ್ವಾಮಿ ಅವರ ಧಾಟಿ, ಇನ್ನೊಂದೆಡೆ ಸಿ. ಅಶ್ವಥ್ ಅವರದು. ಸುಗಮ ಸಂಗೀತದ ಈ ಇಬ್ಬರು ದಿಗ್ಗಜರ ಅಭಿಮಾನಿಗಳೂ ಪಟ್ಟು ಬಿಡಲಿಲ್ಲ. ಆಲಾಪ, ಪುನರಾವರ್ತನೆ ಸೇರಿ ಹಾಡು ಲಂಬಿಸಿದಾಗ ಸಭೆಗಳಲ್ಲಿ ಹಿರಿಯರು ನಿಂತು ದಣಿಯುತ್ತಿದ್ದರು.

ಗಾಯಕಿ ಎಚ್.ಆರ್. ಲೀಲಾವತಿ ನೇತೃತ್ವದ ಸಮಿತಿಯ ಶಿಫಾರಸಿನ ಮೇಲೆ 2022ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಅನಂತಸ್ವಾಮಿ ಅವರ ಧಾಟಿಯನ್ನು ಒಪ್ಪಿತು. ಆಲಾಪವಿಲ್ಲದೆ, ಸಾಲುಗಳನ್ನು ಮರುಕಳಿಸದೆ, ಪೂರ್ಣ ಪಠ್ಯವನ್ನು 2 ನಿಮಿಷ 30 ಸೆಕೆಂಡುಗಳಲ್ಲಿ ಹಾಡಬೇಕೆಂದು ನಿಗದಿಪಡಿಸಿತು. ಗಾಯಕ ಕಿಕ್ಕೇರಿ ಕೃಷ್ಣಮೂರ್ತಿ ಇದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದರು. ಅನಂತಸ್ವಾಮಿ ಇಡೀ ಕವಿತೆಗೆ ಸ್ವರ ಸಂಯೋಜಿಸಿಲ್ಲ ಎಂಬುದು ಅವರ ವಾದಗಳಲ್ಲೊಂದು. 2024ರ ಏಪ್ರಿಲ್‌ನಲ್ಲಿ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಆ ಅರ್ಜಿಯನ್ನು ವಜಾ ಮಾಡಿದರು.

ಲಯ: ಹೆಸರುಗಳ ಹೊರೆ

ರಾಷ್ಟ್ರಗೀತೆಗೆ 52 ಸೆಕೆಂಡು. ನಾಡಗೀತೆಗೆ ಅದರ ಮೂರು ಪಟ್ಟಿಗಿಂತ ತುಸು ಕಡಿಮೆ, 150 ಸೆಕೆಂಡು. ಈ ಅವಧಿಯೊಳಗೆ ನದಿಗಳು, ಅರಸುಮನೆತನಗಳು, ಆಚಾರ್ಯರು, ಶರಣರು, ಕವಿಗಳೆಲ್ಲ ಬಂದುಹೋಗಬೇಕು. ಕಪಿಲ, ಪತಂಜಲ, ತೈಲಪ, ಷಡಕ್ಷರಿ, ಜನ್ನ ಮುಂತಾದ ಹೆಸರುಗಳ ಸಾಲೇ ಈ ಕವಿತೆಯ ಮೈ. ಓಟ ಹೆಚ್ಚಾದರೆ ಮೊದಲು ಪೆಟ್ಟು ಬೀಳುವುದು ಆ ಹೆಸರುಗಳಿಗೆ. ಐದನೇ ತರಗತಿಯ ಮಗುವಿನ ನಾಲಿಗೆಯಲ್ಲಿ ಷಡಕ್ಷರಿ ಅರ್ಧಕ್ಕೇ ನುಂಗಿಹೋಗುತ್ತಾನೆ. ಎಳೆದು ಹಾಡಿದರೆ ಸಾಲಿನ ನಡುವೆಯೇ ಉಸಿರು ಕಟ್ಟಿ ಹೆಸರು ತುಂಡಾಗುತ್ತದೆ. ಸಭಾಮರ್ಯಾದೆಗಾಗಿ ಗೊತ್ತಾದ ಅವಧಿಯನ್ನು ನಾನು ಮೆಚ್ಚುವುದು ಬೇರೆ ಕಾರಣಕ್ಕೆ: ಆಲಾಪ, ಪುನರಾವರ್ತನೆಗಳು ಹೋದರೆ ಉಳಿಯುವ ಸಮಯವೆಲ್ಲ ಪದಗಳಿಗೇ ಸಲ್ಲುತ್ತದೆ.

ಶ್ರುತಿ: ಯಾರ ಮನೆ?

ನಾಡಗೀತೆಯ ವಿವಾದವೆಲ್ಲ ಧಾಟಿ ಮತ್ತು ಅವಧಿಯ ಸುತ್ತಲೇ ನಡೆಯಿತು. ಅಂಗಳದಲ್ಲಿ ನಿಂತವರಿಗೆ ಅಷ್ಟೇ ಮುಖ್ಯವಾದದ್ದು ಶ್ರುತಿ. ಹಾರ್ಮೋನಿಯಂನ ಮೊದಲ ಬಿಳಿ ಮನೆಯಿಂದ ಎಣಿಸಿದರೆ ಗಂಡಸರು ಸಾಮಾನ್ಯವಾಗಿ ಒಂದು, ಎರಡು ಮನೆಯ ಆಸುಪಾಸಿನಲ್ಲಿ ಹಾಡುತ್ತಾರೆ, ಹೆಂಗಸರು ಐದು, ಆರರ ಸುತ್ತ. ಮಕ್ಕಳ ದನಿ ಹೆಂಗಸರ ದನಿಗೆ ಹತ್ತಿರ. ಗಾಯಕರೊಬ್ಬರು ತಮ್ಮ ಕಂಠಕ್ಕೆ ಒಪ್ಪುವ ಶ್ರುತಿಯಲ್ಲಿ ಹಾಡಿದ ಧ್ವನಿಮುದ್ರಿಕೆಯನ್ನೇ ಶಾಲೆಯಲ್ಲಿ ಹಾಕಿದರೆ, ಮಕ್ಕಳು ಮಂದ್ರದಲ್ಲಿ ಗೊಣಗಬೇಕು ಇಲ್ಲವೆ ತಾರದಲ್ಲಿ ಕಿರುಚಬೇಕು. ಆಮೇಲೆ ಮಕ್ಕಳಿಗೆ ಸ್ವರಜ್ಞಾನವಿಲ್ಲ ಎನ್ನುವುದು ಅನ್ಯಾಯ.

ಭಾವ: ವೆರ್ದಿಯ ವೃಂದ, ಮೈಸೂರಿನ ಪ್ರಾರ್ಥನೆ

ಲಯ, ಶ್ರುತಿಗಳು ಕೂಡಿ ಭಾವವನ್ನು ಹೇಗೆ ಕಟ್ಟುತ್ತವೆ ಎಂದು ನೋಡಲು ನಾಡಿನಾಚೆಯ ಹಾಡೊಂದನ್ನು ಗಮನಿಸಬಹುದು. ಜನಸಮೂಹದ ಹಾಡಾಗಿ ಬೆಳೆದ ರಂಗಗೀತೆಗೆ ಇಟಲಿಯ ‘ವಾ ಪೆನ್ಸಿಯೆರೋ’ ದೊಡ್ಡ ನಿದರ್ಶನ. ವೆರ್ದಿಯ ‘ನಬುಕ್ಕೊ’ ಎಂಬ ಸಂಗೀತನಾಟಕದ ಈ ವೃಂದಗಾನ 1842ರ ಮಾರ್ಚ್ 9ರಂದು ಮಿಲಾನಿನ ಲಾ ಸ್ಕಾಲಾ ರಂಗಮಂದಿರದಲ್ಲಿ ಮೊದಲು ಕೇಳಿಸಿತು. ಬ್ಯಾಬಿಲೋನಿನಲ್ಲಿ ಸೆರೆಸಿಕ್ಕ ಯಹೂದಿಗಳು ಕಳೆದುಕೊಂಡ ನಾಡನ್ನು ನೆನೆದು ಹಾಡುವ ಹಾಡು ಇದು. ವೆರ್ದಿ ಸೂಚಿಸಿದ ವೇಗ ‘ಲಾರ್ಗೋ’, ಅಂದರೆ ಬಹು ವಿಳಂಬ. ದನಿ ತಗ್ಗಿಸಿ ಹಾಡಬೇಕೆಂಬ ಸೂಚನೆಯೂ ಇದೆ. ವೃಂದ ಬಹುಪಾಲು ಒಂದೇ ಸ್ವರಸಾಲಿನಲ್ಲಿ ಹಾಡುತ್ತದೆ, ನಡುವೆ ಒಮ್ಮೆ ದನಿಯೇರಿಸಿ ಹಲವು ಸ್ವರಗಳಾಗಿ ಬಿಚ್ಚಿಕೊಳ್ಳುತ್ತದೆ.

ಅದರ ಶ್ರುತಿ ಎಫ್ ಶಾರ್ಪ್ ಮೇಜರ್. ನಮ್ಮ ಲೆಕ್ಕದಲ್ಲಿ ನಾಲ್ಕೂವರೆ ಮನೆಯಲ್ಲಿ ಶಂಕರಾಭರಣದ ಸ್ವರಗಳು. ಮೈಸೂರು ಸಂಸ್ಥಾನದ ಗೀತೆಯಾಗಿದ್ದ, ಬಸವಪ್ಪ ಶಾಸ್ತ್ರಿಗಳ ‘ಕಾಯೌ ಶ್ರೀ ಗೌರಿ’ಯೂ ಧೀರಶಂಕರಾಭರಣದ್ದೇ. ಅರಮನೆಯ ಪಾಶ್ಚಾತ್ಯ ವಾದ್ಯವೃಂದಕ್ಕೆ ಅದು ಹೊಂದಿಕೊಂಡಿದ್ದರ ಹಿಂದೆ ಈ ಸ್ವರಸಾಮ್ಯವೂ ಇರಬಹುದು. ಅದೇ ಏಳು ಸ್ವರಗಳು ಮೈಸೂರಿನಲ್ಲಿ ಗಾಂಭೀರ್ಯ ತಂದವು, ಮಿಲಾನಿನಲ್ಲಿ ಹಂಬಲ. ಪಾಶ್ಚಾತ್ಯರು ಮೇಜರ್ ಎಂದರೆ ಸಂತೋಷ ಎನ್ನುವ ಪಾಠವನ್ನು ವೆರ್ದಿಯ ವಿಳಂಬ ಗತಿ, ತಗ್ಗಿದ ದನಿ ಸುಳ್ಳಾಗಿಸುತ್ತವೆ.

2011ರ ಮಾರ್ಚ್‌ನಲ್ಲಿ ರೋಮಿನಲ್ಲಿ ವಾದ್ಯವೃಂದ ನಿರ್ದೇಶಕ ರಿಕಾರ್ಡೊ ಮೂಟಿ, ಸಂಸ್ಕೃತಿಗೆ ಸಿಗುವ ಹಣದ ಕಡಿತವನ್ನು ವಿರೋಧಿಸಿ ಮಾತಾಡಿ, ಪ್ರೇಕ್ಷಕರನ್ನೂ ಸೇರಿಸಿಕೊಂಡು ಈ ಹಾಡನ್ನು ಮತ್ತೊಮ್ಮೆ ಹಾಡಿಸಿದರು. ಜನ ಎದ್ದುನಿಂತು ದನಿಗೂಡಿಸಿದರು. ಅಷ್ಟು ನಿಧಾನದ, ಬಹುಪಾಲು ಏಕಸ್ವರದ ಹಾಡಾದ್ದರಿಂದ ಅದು ಸಾಧ್ಯವಾಯಿತು ಎಂದು ನನಗನ್ನಿಸುತ್ತದೆ. ನಾಡಗೀತೆಯೂ ಹಾಗೆಯೇ: ಸಾವಧಾನದಿಂದ ಹಾಡಿದರೆ ಪ್ರಾರ್ಥನೆ, ಓಡಿಸಿದರೆ ಪಥಸಂಚಲನ. ತಾಯಿಯನ್ನು ಉದ್ದೇಶಿಸಿದ ಹಾಡಿಗೆ ಮೊದಲನೆಯದೇ ಸಲ್ಲುತ್ತದೆ.

ಧ್ವನಿಮುದ್ರಿಕೆ ಮತ್ತು ಅಂಗಳ

ಕ್ಯಾಸೆಟ್ ಕಾಲದಲ್ಲಿ ವೇಗವೂ ಶ್ರುತಿಯೂ ಒಂದಕ್ಕೊಂದು ಕಟ್ಟುಬಿದ್ದಿದ್ದವು. ಟೇಪು ನೂರಕ್ಕೆ ಆರರಷ್ಟು ಬೇಗ ಓಡಿದರೆ ಶ್ರುತಿ ಹೆಚ್ಚುಕಡಿಮೆ ಅರ್ಧ ಮನೆ ಏರುತ್ತಿತ್ತು. ಈಗ ಮೊಬೈಲಿನ ಆ್ಯಪ್‌ನಲ್ಲೇ ವೇಗ ಕದಲಿಸದೆ ಶ್ರುತಿ ಬದಲಿಸಬಹುದು. ಹಾಡಿನ ಅತಿ ಎತ್ತರದ ಸ್ವರವನ್ನು ಮಕ್ಕಳಿಂದ ಮೊದಲು ಹಾಡಿಸಿ ನೋಡಿ, ಅದು ಆಯಾಸವಿಲ್ಲದೆ ಬಂದ ಮೇಲೆ ಶ್ರುತಿ ಗೊತ್ತುಮಾಡಿದರೆ ಸಾಕು.

ದೊಡ್ಡ ಮೈದಾನದಲ್ಲಿ ಇನ್ನೊಂದು ತೊಡಕಿದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಮುಂದಿರುವ ಧ್ವನಿವರ್ಧಕದಿಂದ 34 ಮೀಟರ್ ಹಿಂದೆ ನಿಂತವರಿಗೆ ಹಾಡು ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿ ಕೇಳುತ್ತದೆ. ಅವರ ದನಿ ಮುಂದಿನವರಿಗೆ ತಲುಪುವಾಗ ಅಷ್ಟೇ ತಡ ಮತ್ತೆ ಸೇರುತ್ತದೆ. ಎಲ್ಲರೂ ಒಬ್ಬರಿಗೊಬ್ಬರು ಕಾಯುತ್ತ ಹಾಡು ಜಗ್ಗತೊಡಗುವುದು ಹೀಗೆ. ಎತ್ತರದಲ್ಲಿ ನಿಂತು ಒಬ್ಬರು ಕೈಯಿಂದ ತಾಳ ತೋರಿಸಿದರೆ, ಹಿಂದಿನ ಸಾಲಿನ ಮಕ್ಕಳು ಕಿವಿಗೆ ಬದಲು ಕಣ್ಣನ್ನು ನಂಬಿ ಜೊತೆಯಲ್ಲೇ ಹೆಜ್ಜೆ ಹಾಕುತ್ತಾರೆ.