ಕನ್ನಡದ ಜನಪ್ರಿಯ ಕಾದಂಬರಿ

ಕನ್ನಡದ ಜನಪ್ರಿಯ ಕಾದಂಬರಿ ಎಂದರೆ ಸಾಹಿತ್ಯಾಭ್ಯಾಸಿಗಳ ವಲಯವನ್ನು ದಾಟಿ ಸಾಮಾನ್ಯ ಓದುಗರ ನಡುವೆ ವ್ಯಾಪಕವಾಗಿ ಪ್ರಸಾರಗೊಂಡು, ಮತ್ತೆ ಮತ್ತೆ ಮುದ್ರಣ ಕಂಡ ಕಾದಂಬರಿಗಳ ವರ್ಗ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಬಂಗಾಳಿ ಮತ್ತು ಮರಾಠಿ ಕೃತಿಗಳ ಅನುವಾದದೊಂದಿಗೆ ಆರಂಭವಾದ ಈ ಪರಂಪರೆಯು ಸಾಮಾಜಿಕ, ಐತಿಹಾಸಿಕ, ಪತ್ತೇದಾರಿ ಮತ್ತು ಕೌಟುಂಬಿಕ ಕಾದಂಬರಿಗಳ ಮೂಲಕ ಬೆಳೆಯಿತು. ಕಥೆಯ ಗುಣವಲ್ಲದೆ ವಾರಪತ್ರಿಕೆಗಳ ಧಾರಾವಾಹಿ, ಬಾಡಿಗೆ ಗ್ರಂಥಾಲಯ, ಚಲನಚಿತ್ರ ಹಾಗೂ ಸಾರ್ವಜನಿಕ ಚರ್ಚೆಗಳೂ ಈ ಕೃತಿಗಳ ಪ್ರಸಾರಕ್ಕೆ ಕಾರಣವಾಗಿವೆ. ಜನಪ್ರಿಯತೆ ಮತ್ತು ಸಾಹಿತ್ಯಿಕ ಮೌಲ್ಯಗಳ ಸಂಬಂಧವು ಕನ್ನಡ ವಿಮರ್ಶೆಯಲ್ಲಿ ದೀರ್ಘಕಾಲ ವಿವಾದಕ್ಕೆ ಒಳಗಾದ ವಿಷಯವಾಗಿದೆ.

ಅಳತೆಯ ಪ್ರಶ್ನೆ

ಅಮೆರಿಕದಲ್ಲಿ ‘ದಿ ಬುಕ್‌ಮನ್’ ಪತ್ರಿಕೆಯು 1895ರಿಂದಲೂ, ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯು 1931ರಿಂದಲೂ ಹೆಚ್ಚು ಮಾರಾಟವಾದ ಪುಸ್ತಕಗಳ ಪಟ್ಟಿಯನ್ನು ಪ್ರಕಟಿಸಿದವು. ಕನ್ನಡದಲ್ಲಿ ಜನಪ್ರಿಯತೆಯನ್ನು ಸಾಮಾನ್ಯವಾಗಿ ಮುದ್ರಣಗಳ ಸಂಖ್ಯೆಯಿಂದ ಅಳೆಯಲಾಗುತ್ತದೆ. ಆದರೆ ಒಂದು ಮುದ್ರಣಕ್ಕೆ ಎಷ್ಟು ಪ್ರತಿ ಎಂಬುದು ಪ್ರಕಾಶಕರಿಂದ ಪ್ರಕಾಶಕರಿಗೆ ಬದಲಾಗುವುದರಿಂದ ಈ ಅಳತೆ ಸ್ಥೂಲವಾದುದು. ಮಾರಾಟದ ಸಂಖ್ಯೆಯು ಓದುಗರ ಸಂಖ್ಯೆಯನ್ನು ಪೂರ್ಣವಾಗಿ ತಿಳಿಸುವುದೂ ಇಲ್ಲ. ಬಾಡಿಗೆ ಗ್ರಂಥಾಲಯದ ಒಂದು ಪ್ರತಿಯನ್ನು ಹಲವು ಮನೆಗಳವರು ಓದುತ್ತಿದ್ದರು. ವಾರಪತ್ರಿಕೆಯ ಧಾರಾವಾಹಿಯನ್ನು ಓದಿದ ಎಲ್ಲರೂ ಅದು ಪುಸ್ತಕವಾದಾಗ ಕೊಳ್ಳುತ್ತಿರಲಿಲ್ಲ.

ಇತಿಹಾಸ

ಆರಂಭಿಕ ಘಟ್ಟ

ಬಿ. ವೆಂಕಟಾಚಾರ್ಯರು (1845–1914) ಬಂಕಿಮಚಂದ್ರ ಚಟ್ಟೋಪಾಧ್ಯಾಯರ ಕಾದಂಬರಿಗಳನ್ನು ಬಂಗಾಳಿಯಿಂದ ಕನ್ನಡಕ್ಕೆ ತಂದರು. ಕನ್ನಡದಲ್ಲಿ ಕಾದಂಬರಿಯನ್ನು ಮನರಂಜನೆಗಾಗಿ ಓದುವ ಅಭ್ಯಾಸವನ್ನು ಬೆಳೆಸಿದವರಲ್ಲಿ ಅವರು ಮೊದಲಿಗರು. ಉತ್ತರ ಕರ್ನಾಟಕದಲ್ಲಿ ಗಳಗನಾಥರು (ವೆಂಕಟೇಶ ತಿರಕೋ ಕುಲಕರ್ಣಿ, 1869–1942) ‘ಸದ್ಬೋಧ ಚಂದ್ರಿಕೆ’ ಪತ್ರಿಕೆಯನ್ನು ನಡೆಸಿ, ಐತಿಹಾಸಿಕ ಕಾದಂಬರಿಗಳನ್ನು ಬರೆದರು. ವಿಜಯನಗರದ ಸ್ಥಾಪನೆಯನ್ನು ವಸ್ತುವಾಗಿಸಿಕೊಂಡ ‘ಮಾಧವ ಕರುಣಾವಿಲಾಸ’ ಅವರ ಪ್ರಸಿದ್ಧ ಕೃತಿ. ಪುಸ್ತಕದ ಅಂಗಡಿಗಳು ವಿರಳವಾಗಿದ್ದ ಕಾಲದಲ್ಲಿ ಅವರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಓದುಗನ ಬಳಿಗೆ ಪುಸ್ತಕವು ತಲುಪುವ ದಾರಿಯೂ ಬರವಣಿಗೆಯಷ್ಟೇ ಮುಖ್ಯ ಎಂಬುದಕ್ಕೆ ಇದು ಕನ್ನಡದ ಮೊದಲ ದೊಡ್ಡ ನಿದರ್ಶನ.

ಧಾರವಾಡದಲ್ಲಿ 1933ರಲ್ಲಿ ಆರಂಭವಾದ ಮನೋಹರ ಗ್ರಂಥಮಾಲೆಯು ಚಂದಾದಾರರಿಗೆ ನಿಯತವಾಗಿ ಪುಸ್ತಕ ಒದಗಿಸುವ ಪದ್ಧತಿಯನ್ನು ಅನುಸರಿಸಿತು. ಇಂತಹ ಮಾಲೆಗಳು ಪ್ರಕಾಶಕರಿಗೆ ಮುಂಗಡವಾಗಿ ಒಂದಷ್ಟು ಓದುಗರ ಭರವಸೆಯನ್ನು ಕೊಟ್ಟವು.

ಪ್ರಗತಿಶೀಲ ಘಟ್ಟ

1940ರ ದಶಕದಲ್ಲಿ ರೂಪುಗೊಂಡ ಪ್ರಗತಿಶೀಲ ಚಳವಳಿಯು ಸಾಹಿತ್ಯವು ಜನಸಾಮಾನ್ಯರಿಗೆ ತಲುಪಬೇಕು ಎಂಬುದನ್ನು ತತ್ತ್ವವಾಗಿಯೇ ಸ್ವೀಕರಿಸಿತು. ಅದರ ಮುಂದಾಳು ಅ. ನ. ಕೃಷ್ಣರಾಯರು (1908–1971) ನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದು ‘ಕಾದಂಬರಿ ಸಾರ್ವಭೌಮ’ ಎಂದು ಹೆಸರಾದರು. ಕಲಾವಿದರ ಬದುಕನ್ನು ಚಿತ್ರಿಸುವ ‘ಸಂಧ್ಯಾರಾಗ’, ‘ಉದಯರಾಗ’, ‘ನಟಸಾರ್ವಭೌಮ’ ಅವರ ಜನಪ್ರಿಯ ಕೃತಿಗಳು. ವೇಶ್ಯಾವೃತ್ತಿಯನ್ನು ಕುರಿತ ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಕಾದಂಬರಿಗಳು ಅಶ್ಲೀಲತೆಯ ಆರೋಪಕ್ಕೆ ಗುರಿಯಾದವು. ಕೃಷ್ಣರಾಯರು ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಗ್ರಂಥವನ್ನೇ ಬರೆದು ತಮ್ಮ ನಿಲುವನ್ನು ಸಮರ್ಥಿಸಿಕೊಂಡರು.

ತ. ರಾ. ಸುಬ್ಬರಾಯರು (1920–1984) ಚಿತ್ರದುರ್ಗದ ಪಾಳೆಯಗಾರರ ಇತಿಹಾಸವನ್ನು ಕಾದಂಬರಿಗಳ ಸರಣಿಯಾಗಿ ರಚಿಸಿದರು. ಈ ಸರಣಿಯ ‘ದುರ್ಗಾಸ್ತಮಾನ’ಕ್ಕೆ ಅವರ ಮರಣಾನಂತರ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ಜನಪ್ರಿಯತೆಯೂ ವಿದ್ವತ್ ಮನ್ನಣೆಯೂ ಒಂದೇ ಕೃತಿಗೆ ಸಂದ ನಿದರ್ಶನಗಳಲ್ಲಿ ಇದೂ ಒಂದು.

ಲೇಖಕಿಯರ ಘಟ್ಟ

ಸ್ವಾತಂತ್ರ್ಯಾನಂತರ ಸ್ತ್ರೀಶಿಕ್ಷಣವು ವಿಸ್ತರಿಸಿದಂತೆ ಓದುಬರಹ ಬಲ್ಲ ಗೃಹಿಣಿಯರ ಹಾಗೂ ವಿದ್ಯಾರ್ಥಿನಿಯರ ಹೊಸ ಓದುಗ ವರ್ಗವು ರೂಪುಗೊಂಡಿತು. ತ್ರಿವೇಣಿ (ಅನಸೂಯಾ ಶಂಕರ್, 1928–1963) ಈ ಓದುಗರ ಒಳಮನಸ್ಸಿನ ತೊಳಲಾಟಗಳಿಗೆ ಮಾತು ಕೊಟ್ಟರು. ‘ಶರಪಂಜರ’ದಲ್ಲಿ ಬಾಣಂತನದ ನಂತರ ಮಾನಸಿಕ ಅಸ್ವಸ್ಥತೆಗೆ ತುತ್ತಾಗಿ ಗುಣಮುಖಳಾಗಿ ಬಂದ ಹೆಣ್ಣನ್ನು ಮನೆಯೂ ನೆರೆಹೊರೆಯೂ ಹೇಗೆ ಕಾಣುತ್ತವೆ ಎಂಬುದೇ ವಸ್ತು. ಮನೋರೋಗದ ಬಗ್ಗೆ ಬಹಿರಂಗವಾಗಿ ಮಾತನಾಡಲು ಅಂಜುತ್ತಿದ್ದ ಕುಟುಂಬಗಳಲ್ಲಿ ಈ ಕಾದಂಬರಿ ಓದಲ್ಪಟ್ಟಿತು.

ಎಂ. ಕೆ. ಇಂದಿರಾ (1917–1994) ಮಲೆನಾಡಿನ ಬದುಕನ್ನು ಅಲ್ಲಿನ ಆಡುಮಾತಿನ ಸೊಗಡಿನೊಂದಿಗೆ ಬರೆದರು. 1976ರ ‘ಫಣಿಯಮ್ಮ’ ಬಾಲವಿಧವೆಯೊಬ್ಬಳ ದೀರ್ಘ ಜೀವನದ ಕಥೆ. ಲೇಖಕಿಯ ಬಂಧುವೊಬ್ಬರ ನಿಜಜೀವನವನ್ನು ಅದು ಆಧರಿಸಿದೆ. ವಾಣಿ, ಉಷಾ ನವರತ್ನರಾಂ, ಎಚ್. ಜಿ. ರಾಧಾದೇವಿ, ಸಾಯಿಸುತೆ ಮೊದಲಾದವರು ಮುಂದಿನ ದಶಕಗಳಲ್ಲಿ ಈ ಓದುಗ ವರ್ಗವನ್ನು ಉಳಿಸಿ ಬೆಳೆಸಿದರು.

ಪತ್ತೇದಾರಿ ಮತ್ತು ಅನುವಾದಿತ ಕಾದಂಬರಿಗಳು

ಎನ್. ನರಸಿಂಹಯ್ಯನವರು (1925–2011) ಪತ್ತೇದಾರ ಪುರುಷೋತ್ತಮನಂತಹ ಪಾತ್ರಗಳನ್ನು ಸೃಷ್ಟಿಸಿ ಐನೂರರಷ್ಟು ಕಾದಂಬರಿಗಳನ್ನು ಬರೆದರು. ಪ್ರಾಥಮಿಕ ಹಂತದಲ್ಲಿಯೇ ಶಾಲೆ ಬಿಟ್ಟಿದ್ದ ಅವರ ಭಾಷೆ ಸರಳ, ವಾಕ್ಯಗಳು ಚಿಕ್ಕವು. ಹೊಸದಾಗಿ ಅಕ್ಷರ ಕಲಿತವರೂ ತಡೆಯಿಲ್ಲದೆ ಓದಬಹುದಾಗಿದ್ದುದು ಈ ಕೃತಿಗಳ ಪ್ರಸಾರಕ್ಕೆ ಮುಖ್ಯ ಕಾರಣ. ಟಿ. ಕೆ. ರಾಮರಾವ್ ಪತ್ತೇದಾರಿ ಮತ್ತು ಸಾಮಾಜಿಕ ಕಾದಂಬರಿಗಳೆರಡರಲ್ಲಿಯೂ ಹೆಸರಾದರು. 1980ರ ದಶಕದಲ್ಲಿ ತೆಲುಗಿನ ಯಂಡಮೂರಿ ವೀರೇಂದ್ರನಾಥರ ‘ತುಳಸೀದಳ’ ಮೊದಲಾದ ಕಾದಂಬರಿಗಳು ಅನುವಾದಗೊಂಡು ಕನ್ನಡದಲ್ಲಿ ದೊಡ್ಡ ಸಂಖ್ಯೆಯ ಓದುಗರನ್ನು ಗಳಿಸಿದವು.

ಜನಪ್ರಿಯತೆಯ ಕಾರಣಗಳು

ವಸ್ತು ಮತ್ತು ನಿರೂಪಣೆ

ಹೆಚ್ಚು ಪ್ರಸಾರ ಪಡೆದ ಕನ್ನಡ ಕಾದಂಬರಿಗಳಲ್ಲಿ ಹಲವಕ್ಕೆ ಒಂದು ಸಮಾನ ಲಕ್ಷಣವಿದೆ: ಓದುಗನಿಗೆ ಪರಿಚಿತವಾದ ಲೋಕದೊಳಗೆ, ಆತ ಬಾಯಿಬಿಟ್ಟು ಹೇಳಲಾರದ ಒಂದು ಸಂಕಟವನ್ನು ಅವು ಇರಿಸುತ್ತವೆ. ‘ಶರಪಂಜರ’ದ ಮಧ್ಯಮವರ್ಗದ ಮನೆ, ‘ಫಣಿಯಮ್ಮ’ನ ಮಲೆನಾಡಿನ ತುಂಬು ಕುಟುಂಬ ಓದುಗರಿಗೆ ಅಪರಿಚಿತವಲ್ಲ; ಅಲ್ಲಿ ಎದ್ದ ಪ್ರಶ್ನೆ ಹೊಸದು. ವಸ್ತು ಸಂಪೂರ್ಣ ಹೊಸದಾದಾಗ ನಿರೂಪಣೆಯು ಆ ಕೊರತೆಯನ್ನು ತುಂಬುತ್ತದೆ. ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಹಾರುವ ಓತಿಯೊಂದರ ಹುಡುಕಾಟದ ಕಥೆ. ವಿಕಾಸವಾದದಂತಹ ಗಹನ ವಿಷಯವನ್ನು ಹಳ್ಳಿಯವರ ಹಾಸ್ಯ ಮತ್ತು ಕುತೂಹಲದ ಮೂಲಕ ಹೇಳಿದುದರಿಂದ ಅದು ಇಂದಿಗೂ ಮರುಮುದ್ರಣಗೊಳ್ಳುತ್ತಿದೆ.

ಧಾರಾವಾಹಿ

ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಡಿಕನ್ಸ್‌ನ ‘ಪಿಕ್‌ವಿಕ್ ಪೇಪರ್ಸ್’ 1836–37ರಲ್ಲಿ ಮಾಸಿಕ ಕಂತುಗಳಾಗಿ ಪ್ರಕಟವಾಯಿತು. ಆರಂಭದಲ್ಲಿ ನೂರುಗಳ ಸಂಖ್ಯೆಯಲ್ಲಿದ್ದ ಮಾರಾಟವು ಸ್ಯಾಮ್ ವೆಲರ್ ಎಂಬ ಪಾತ್ರದ ಪ್ರವೇಶದ ನಂತರ ಏರಿ, ಕೊನೆಯ ವೇಳೆಗೆ 40,000 ಪ್ರತಿಗಳನ್ನು ಮುಟ್ಟಿತು. ಕನ್ನಡದಲ್ಲಿ ಈ ಕಾರ್ಯವನ್ನು ‘ಪ್ರಜಾಮತ’, ‘ಕರ್ಮವೀರ’, 1965ರಲ್ಲಿ ಆರಂಭವಾದ ‘ಸುಧಾ’, 1983ರಲ್ಲಿ ಆರಂಭವಾದ ‘ತರಂಗ’, ‘ಮಂಗಳ’ ಮೊದಲಾದ ವಾರಪತ್ರಿಕೆಗಳು ನಿರ್ವಹಿಸಿದವು. ಪ್ರತಿ ಕಂತಿನ ಕೊನೆಯಲ್ಲಿ ಕುತೂಹಲವನ್ನು ಉಳಿಸುವ ಅಗತ್ಯವು ಕಾದಂಬರಿಯ ರಚನೆಯನ್ನೇ ಬದಲಿಸಿತು. ಒಂದು ವಾರದ ಬಿಡುವಿನಲ್ಲಿ ಮುಂದೇನು ಎಂಬ ಚರ್ಚೆ ಮನೆ, ಕಚೇರಿ, ಕಾಲೇಜುಗಳಲ್ಲಿ ನಡೆದು, ಪುಸ್ತಕ ಹೊರಬರುವ ಮೊದಲೇ ಅದರ ಹೆಸರು ಹರಡುತ್ತಿತ್ತು.

ಗ್ರಂಥಾಲಯಗಳು

ನಗರಗಳ ಮತ್ತು ತಾಲ್ಲೂಕು ಕೇಂದ್ರಗಳ ಬಾಡಿಗೆ ಗ್ರಂಥಾಲಯಗಳು ದಿನಕ್ಕಿಷ್ಟು ಎಂಬ ಸಣ್ಣ ಬಾಡಿಗೆಗೆ ಕಾದಂಬರಿಗಳನ್ನು ನೀಡುತ್ತಿದ್ದವು. ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮ, 1965ರ ಅನ್ವಯ ಸರ್ಕಾರಿ ಗ್ರಂಥಾಲಯಗಳ ಜಾಲ ವಿಸ್ತರಿಸಿತು. ಅವುಗಳಿಗಾಗಿ ನಡೆಯುವ ಸಗಟು ಖರೀದಿಯು ಪ್ರಕಾಶಕರಿಗೆ ಆಸರೆಯಾಯಿತು. ಆದರೆ ಸಗಟು ಖರೀದಿಯಿಂದ ಕಪಾಟು ಸೇರಿದ ಪುಸ್ತಕವು ಓದಲ್ಪಟ್ಟ ಪುಸ್ತಕವೇ ಆಗಿರಬೇಕೆಂದಿಲ್ಲ. ಓದುಗನು ಹಣ ಕೊಟ್ಟು ಒಯ್ಯುತ್ತಿದ್ದ ಬಾಡಿಗೆ ಗ್ರಂಥಾಲಯದಲ್ಲಿ ಬೇಡಿಕೆ ನೇರವಾಗಿ ಗೋಚರವಾಗುತ್ತಿತ್ತು.

ಚಲನಚಿತ್ರ

ನಿರ್ದೇಶಕ ಎಸ್. ಆರ್. ಪುಟ್ಟಣ್ಣ ಕಣಗಾಲರು ತ್ರಿವೇಣಿಯವರ ‘ಬೆಳ್ಳಿಮೋಡ’ (1967) ಮತ್ತು ‘ಶರಪಂಜರ’ (1971), ಎಂ. ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’ (1969), ಭಾರತೀಸುತರ ‘ಎಡಕಲ್ಲು ಗುಡ್ಡದ ಮೇಲೆ’ (1973), ವಾಣಿಯವರ ‘ಶುಭಮಂಗಳ’ (1975) ಕಾದಂಬರಿಗಳನ್ನು ತೆರೆಗೆ ತಂದರು. 1972ರ ‘ನಾಗರಹಾವು’ ಚಿತ್ರವು ತ. ರಾ. ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಆಧರಿಸಿತ್ತು. ಅದೇ ವರ್ಷ ಟಿ. ಕೆ. ರಾಮರಾವ್ ಅವರ ಕಾದಂಬರಿ ಆಧಾರಿತ ‘ಬಂಗಾರದ ಮನುಷ್ಯ’ ಬಿಡುಗಡೆಯಾಯಿತು. ಪ್ರಸಿದ್ಧ ಕಾದಂಬರಿಯ ಹೆಸರು ಚಿತ್ರಕ್ಕೆ ಪ್ರೇಕ್ಷಕರನ್ನು ತಂದರೆ, ಚಿತ್ರದ ಯಶಸ್ಸು ಕಾದಂಬರಿಗೆ ಹೊಸ ಓದುಗರನ್ನು ತಂದಿತು.

ವಿವಾದ

ಎಸ್. ಎಲ್. ಭೈರಪ್ಪನವರ ‘ಆವರಣ’ (2007) ಬಿಡುಗಡೆಗೆ ಮುನ್ನವೇ ಮೊದಲ ಮುದ್ರಣದ ಪ್ರತಿಗಳು ಮುಗಿದು, ಕೆಲವೇ ತಿಂಗಳಲ್ಲಿ ಹಲವು ಬಾರಿ ಮರುಮುದ್ರಣಗೊಂಡಿತು. ಇತಿಹಾಸದ ಚಿತ್ರಣವನ್ನು ಕುರಿತು ಪರ ಮತ್ತು ವಿರೋಧ ಲೇಖನಗಳು ಪತ್ರಿಕೆಗಳಲ್ಲಿ ಪ್ರಕಟವಾದವು. ಆದರೆ ವಿವಾದವೊಂದೇ ಈ ಯಶಸ್ಸನ್ನು ವಿವರಿಸಲಾರದು. ‘ವಂಶವೃಕ್ಷ’ (1965), ‘ಗೃಹಭಂಗ’ (1970), ‘ಪರ್ವ’ (1979) ಕೃತಿಗಳ ಮೂಲಕ ದಶಕಗಳ ಕಾಲ ಬೆಳೆದುಬಂದಿದ್ದ ಓದುಗ ಸಮೂಹವು ಅವರ ಹೊಸ ಕಾದಂಬರಿಗಾಗಿ ಕಾಯುತ್ತಿತ್ತು. ಚರ್ಚೆಯು ಈ ಸಮೂಹದ ಹೊರಗಿನವರನ್ನೂ ಸೇರಿಸಿತು.

ಆಕಸ್ಮಿಕ

ಸಮಾನ ಗುಣದ ಎರಡು ಕೃತಿಗಳಲ್ಲಿ ಒಂದು ಮಾತ್ರ ಪ್ರಸಿದ್ಧವಾಗುವುದರಲ್ಲಿ ಆಕಸ್ಮಿಕದ ಪಾತ್ರವನ್ನೂ ಸಂಶೋಧಕರು ಗುರುತಿಸಿದ್ದಾರೆ. 2006ರಲ್ಲಿ ಪ್ರಕಟವಾದ ಸಾಲ್ಗಾನಿಕ್, ಡಾಡ್ಸ್ ಮತ್ತು ವಾಟ್ಸ್ ಅವರ ಪ್ರಯೋಗದಲ್ಲಿ 14,000ಕ್ಕೂ ಹೆಚ್ಚು ಜನರಿಗೆ ಅಪರಿಚಿತವಾದ 48 ಹಾಡುಗಳನ್ನು ಕೇಳಿಸಲಾಯಿತು. ಇತರರ ಆಯ್ಕೆಯನ್ನು ಕಾಣಬಲ್ಲ ಗುಂಪುಗಳಲ್ಲಿ ಗೆದ್ದ ಹಾಡು ಗುಂಪಿನಿಂದ ಗುಂಪಿಗೆ ಬದಲಾಯಿತು. ಅತ್ಯುತ್ತಮವಾದವು ತೀರ ಕೆಳಗಿಳಿಯುವುದು ಅಪರೂಪವಾಗಿತ್ತು. ಉಳಿದಂತೆ ಯಾವ ಫಲಿತಾಂಶವೂ ಸಾಧ್ಯವಿತ್ತು. ಪ್ರಯೋಗವು ಹಾಡುಗಳಿಗೆ ಸಂಬಂಧಿಸಿದ್ದರೂ, ಪರಿಚಿತರ ಶಿಫಾರಸಿನಿಂದ ಹರಡುವ ಕಾದಂಬರಿಗಳಿಗೂ ಈ ವಿವರಣೆ ಹೊಂದುತ್ತದೆ.

ಗ್ರಾಮೀಣ ಓದು

ಚಾಮರಾಜನಗರ ಜಿಲ್ಲೆಯ ಲೊಕ್ಕನಹಳ್ಳಿ, ಹನೂರು, ಕೊಳ್ಳೇಗಾಲ ಸೀಮೆಯಂತಹ ಪ್ರದೇಶಗಳಲ್ಲಿ ಜನಪ್ರಿಯ ಕಥನದ ಪರಂಪರೆ ಮುದ್ರಣಕ್ಕಿಂತ ಬಹಳ ಹಳೆಯದು. ಕಂಸಾಳೆಯವರು ಹಾಡುವ ಮಲೆಯ ಮಾದೇಶ್ವರನ ಕಾವ್ಯ, ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯಗಳನ್ನು ಇಲ್ಲಿನ ಜನರು ರಾತ್ರಿಯಿಡೀ ಕೇಳುತ್ತ ಬಂದಿದ್ದಾರೆ. ಕೇಳುಗರಿಗೆ ಕಥೆ ಮೊದಲೇ ಗೊತ್ತಿರುವುದರಿಂದ ಈ ಕಾವ್ಯಗಳ ಸೆಳೆತವು ಮುಂದೇನು ಎಂಬ ಕುತೂಹಲದಲ್ಲಿಲ್ಲ. ಹಾಡುವ ರೀತಿ ಮತ್ತು ನಂಬಿಕೆಯಲ್ಲಿದೆ. ಧಾರಾವಾಹಿ ಕಾದಂಬರಿಯ ಆಕರ್ಷಣೆ ಇದಕ್ಕೆ ವಿರುದ್ಧವಾದುದು.

ಕೊಳ್ಳೇಗಾಲ ತಾಲ್ಲೂಕು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಲೊಕ್ಕನಹಳ್ಳಿಯ ಸೀಮೆಯೂ ಆಗ ಅದರ ಭಾಗವಾಗಿತ್ತು. ಗಡಿಯ ಇಂತಹ ಊರುಗಳಿಗೆ ಕನ್ನಡ ಕಾದಂಬರಿಯು ಬಸ್ಸಿನಲ್ಲಿ ಬರುವ ವಾರಪತ್ರಿಕೆ, ಶಾಲೆಯ ಪುಸ್ತಕದ ಕಪಾಟು ಮತ್ತು ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಮೂಲಕ ತಲುಪಬೇಕಾಗುತ್ತದೆ. ಕರ್ನಾಟಕದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಈಚಿನ ವರ್ಷಗಳಲ್ಲಿ ‘ಅರಿವು ಕೇಂದ್ರ’ಗಳೆಂದು ಕರೆಯಲಾಗುತ್ತಿದೆ. ಪುಸ್ತಕದಂಗಡಿ ದೂರವಿರುವ ಕಡೆ ಈ ಕಪಾಟಿನಲ್ಲಿರುವ ಪುಸ್ತಕಗಳೇ ಊರಿನ ಓದಿನ ಮಿತಿಯನ್ನು ನಿರ್ಧರಿಸುತ್ತವೆ. ಹೀಗಾಗಿ ರಾಜ್ಯಮಟ್ಟದ ಜನಪ್ರಿಯತೆಯೆಂಬುದು ಪುಸ್ತಕ ತಲುಪಿದ ಕಡೆಗಳ ಜನಪ್ರಿಯತೆಯೇ ಆಗಿರುತ್ತದೆ.

ವಿಮರ್ಶೆ

1950ರ ದಶಕದ ನಂತರ ಬೆಳೆದ ನವ್ಯ ವಿಮರ್ಶೆಯು ಕೃತಿಯ ಭಾಷೆ, ರಚನೆ ಮತ್ತು ಅನುಭವದ ಸಾಂದ್ರತೆಗಳಿಗೆ ಒತ್ತು ಕೊಟ್ಟು, ಜನಪ್ರಿಯ ಕಾದಂಬರಿಗಳನ್ನು ಹೆಚ್ಚಾಗಿ ಕಡೆಗಣಿಸಿತು. ವೇಗವಾಗಿ ಬರೆದುದು, ಭಾವಾತಿರೇಕ, ಸಿದ್ಧ ಮಾದರಿಯ ಪಾತ್ರಗಳು ಎಂಬುವು ಮುಖ್ಯ ಆಕ್ಷೇಪಗಳು. ಲೇಖಕಿಯರ ಕಾದಂಬರಿಗಳನ್ನು ‘ಅಡುಗೆಮನೆ ಸಾಹಿತ್ಯ’ ಎಂದು ಹಗುರವಾಗಿ ಕಂಡುದೂ ಉಂಟು. ಮುಂದೆ ಬಂದ ಸ್ತ್ರೀವಾದಿ ವಿಮರ್ಶೆಯು ಈ ನಿಲುವನ್ನು ಪ್ರಶ್ನಿಸಿ, ತ್ರಿವೇಣಿ ಮತ್ತು ಇಂದಿರಾ ಅವರ ಕೃತಿಗಳನ್ನು ಹೆಣ್ಣಿನ ಅನುಭವದ ದಾಖಲೆಗಳಾಗಿ ಮರುಓದಿಗೆ ಒಳಪಡಿಸಿತು. ಮಾರಾಟವು ಮೌಲ್ಯಕ್ಕೆ ಪ್ರಮಾಣವಲ್ಲದಂತೆ ಅದರ ವಿರುದ್ಧ ಸಾಕ್ಷ್ಯವೂ ಅಲ್ಲ ಎಂಬುದು ಈ ಮರುಓದಿನಿಂದ ಸ್ಪಷ್ಟವಾಯಿತು.

ಇತ್ತೀಚಿನ ಬೆಳವಣಿಗೆಗಳು

ಕಿರುತೆರೆಯ ಧಾರಾವಾಹಿಗಳು ಹರಡಿದ ನಂತರ ವಾರಪತ್ರಿಕೆಗಳ ಪ್ರಸಾರ ಕುಗ್ಗಿತು. ಬಾಡಿಗೆ ಗ್ರಂಥಾಲಯಗಳಲ್ಲಿ ಹಲವು ಮುಚ್ಚಿದವು. ಆದರೂ ಹೆಚ್ಚು ಮಾರಾಟವಾಗುವ ಕಾದಂಬರಿಗಳು ಬರುತ್ತಲೇ ಇವೆ. ಕೆ. ಎನ್. ಗಣೇಶಯ್ಯನವರ ‘ಕರಿಸಿರಿಯಾನ’, ‘ಕಪಿಲಿಪಿಸಾರ’ ಮೊದಲಾದವು ಇತಿಹಾಸದ ಶೋಧವನ್ನು ರೋಚಕ ಕಥನದೊಂದಿಗೆ ಬೆಸೆದವು. ಲಿಸ್ಬನ್ ಮತ್ತು ವಿಜಯನಗರಗಳ ನಡುವೆ ನಡೆಯುವ ವಸುಧೇಂದ್ರರ ‘ತೇಜೋ ತುಂಗಭದ್ರಾ’ (2019) ಹಲವು ಮುದ್ರಣಗಳನ್ನು ಕಂಡಿದೆ. ಇ-ಪುಸ್ತಕ, ಕೇಳುಪುಸ್ತಕ, ಅಂತರಜಾಲ ಮಾರಾಟ ಮತ್ತು ಸಾಮಾಜಿಕ ಮಾಧ್ಯಮದ ಓದುಗರ ಬಳಗಗಳು ಹಿಂದಿನ ವಾರಪತ್ರಿಕೆ ಮತ್ತು ಬಾಡಿಗೆ ಗ್ರಂಥಾಲಯಗಳ ಕೆಲಸವನ್ನು ಭಾಗಶಃ ವಹಿಸಿಕೊಂಡಿವೆ. ಪರಭಾಷಾ ಪ್ರದೇಶಗಳಲ್ಲಿ ಮತ್ತು ವಿದೇಶಗಳಲ್ಲಿ ನೆಲೆಸಿದ ಕನ್ನಡಿಗರಿಗೂ ಹೊಸ ಕಾದಂಬರಿಗಳು ಈ ಮಾರ್ಗಗಳಿಂದಲೇ ದೊರೆಯುತ್ತಿವೆ.